ಕನ್ನಡ ಕ್ರೈಸ್ತ ವಾಙ್ಮಯದಲ್ಲಿ ‘ಚಿತ್ತ’

ಜಗಳೂರು ಸೀಮೆಯಲ್ಲಿ ಮುಂಗಾರು ತಪ್ಪಿ, ಬಿತ್ತಿದ ಬೀಜವೂ ಮನೆಗೆ ಬಾರದ ವರ್ಷ, ಬೇಸಾಯಗಾರನು ಹೊಲದ ಬದುವಿನ ಮೇಲೆ ನಿಂತು ‘ಎಲ್ಲಾ ಶಿವನ ಚಿತ್ತ’ ಎನ್ನುವನು. ಹೊನ್ನಾಳಿಯಲ್ಲಿ ತುಂಗಭದ್ರೆಯು ದಂಡೆಯನ್ನು ಮೀರಿ ಗದ್ದೆಗೆ ನುಗ್ಗಿದಾಗಲೂ, ಚನ್ನಗಿರಿಯ ತೋಟದಲ್ಲಿ ಎಳೆಯ ಅಡಕೆಯು ಉದುರಿಹೋದಾಗಲೂ, ನ್ಯಾಮತಿಯ ಸಂತೆಯಲ್ಲಿ ಎತ್ತನ್ನು ಬಂದ ಬೆಲೆಗೆ ಕೊಟ್ಟು ಮರಳಿದಾಗಲೂ ಬಾಯಿಗೆ ಬರುವ ಮಾತು ಅದೇ. ಈ ನಾಲ್ಕು ತಾಲ್ಲೂಕುಗಳ ಆಡುನುಡಿಯಲ್ಲಿ ದೈವಚಿತ್ತವೆಂಬುದು ನಡೆದುಹೋದ ಸಂಗತಿಗೆ ಇಡುವ ಹೆಸರು. ಕೆಲಸವು ಕೈಮೀರಿದ ಮೇಲೆ ಮನಸ್ಸಿಗೆ ಹೇಳಿಕೊಳ್ಳುವ ಸಮಾಧಾನ. ಇದೇ ಸೀಮೆಯ ಕ್ರೈಸ್ತ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಮಕ್ಕಳು ಒಪ್ಪಿಸುವ ಪ್ರಾರ್ಥನೆಯಲ್ಲಿಯೂ ಆ ಪದವು ಬರುತ್ತದೆ. ಆದರೆ ಅಲ್ಲಿ ಅದು ಇನ್ನೂ ನಡೆಯದಿರುವ ಸಂಗತಿಯನ್ನು ಕುರಿತ ಬಿನ್ನಹ. ಪದ ಒಂದೇ, ಒಂದು ಕಡೆ ಹಿಂದಕ್ಕೆ ನೋಡುತ್ತದೆ, ಇನ್ನೊಂದು ಕಡೆ ಮುಂದಕ್ಕೆ.

ಸ್ವಂತ ಬಯಕೆಗಿಂತ ದೇವರ ಚಿತ್ತವನ್ನು ಮುಂದಿಡಬೇಕೆಂಬುದು ಕ್ರೈಸ್ತ ಜೀವನದ ಮೊದಲನೆಯ ಬೋಧೆಗಳಲ್ಲಿ ಒಂದು. ಕನ್ನಡದಲ್ಲಿ ಈ ಬೋಧೆಯು ಸುಮಾರು ಇನ್ನೂರು ವರ್ಷಗಳಿಂದ ಅಚ್ಚಾಗುತ್ತ, ಹಾಡಾಗುತ್ತ, ಪ್ರಸಂಗಪೀಠದಿಂದ ಕೇಳಿಬರುತ್ತ ಇದೆ. ಅದು ಎಷ್ಟು ಸತ್ಯವೆಂಬುದನ್ನು ತೂಗುವುದು ಸಾಹಿತ್ಯ ವಿಮರ್ಶೆಯ ಕೆಲಸವಲ್ಲ. ಆದರೆ ಕನ್ನಡದ ಕಿವಿಗೆ ಅದು ಹೇಗೆ ಕೇಳಿಸುತ್ತದೆ, ಹಾಗೆ ಕೇಳಿಸುವಂತೆ ಮಾಡಿದುದು ಯಾವ ಪದ, ಯಾವ ಕಥೆ, ಯಾವ ಹಳೆಯ ಸಂಸ್ಕಾರ ಎಂಬುದನ್ನು ವಿಚಾರಿಸುವುದು ಖಂಡಿತವಾಗಿಯೂ ವಿಮರ್ಶೆಗೆ ಸಂಬಂಧಿಸಿದುದು. ಈ ವಿಚಾರವು ಕ್ರೈಸ್ತರಿಗೆ ಮಾತ್ರ ಮೀಸಲಾದುದೂ ಅಲ್ಲ. ಒಂದು ಮನೆಯಲ್ಲಿ ‘ದೇವರ ಚಿತ್ತ’ವೆಂದು ಯಾರು ಯಾರಿಗೆ ಹೇಳುತ್ತಾರೆಂಬುದರ ಮೇಲೆ ಆ ಮನೆಯ ಹೆಣ್ಣುಮಕ್ಕಳ ಓದು, ಮದುವೆ, ಬಾಳು ನಿಂತಿರುತ್ತವೆ.

ಬೈಬಲನ್ನು ಕನ್ನಡಿಸುವ ಕೆಲಸವು ಮೊದಲು ನಡೆದುದು ಜಗಳೂರಿಗೆ ನೆರೆಯಾದ ಬಳ್ಳಾರಿ ಸೀಮೆಯಲ್ಲಿ. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲಸಿದನು. ಅವನೂ, ಮುಂದೆ ಕನ್ನಡ ನಿಘಂಟನ್ನು ರಚಿಸಿದ ವಿಲಿಯಂ ರೀವನೂ ಈ ಕಾರ್ಯದಲ್ಲಿ ದುಡಿದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಆ ಅನುವಾದವನ್ನು ತಿದ್ದುವ ಭಾರವನ್ನು ಹೊತ್ತರು; ಅವರಲ್ಲಿ ವೈಗಲನ ಹೆಸರು ಸ್ಮರಣೀಯವಾದುದು. ಮೂಲದ ಗ್ರೀಕ್ ಭಾಷೆಯಲ್ಲಿ ‘ಥೆಲೆಮ’ ಎಂಬ ಪದವಿದೆ. ಅದಕ್ಕೆ ಕನ್ನಡದಲ್ಲಿ ಇಚ್ಛೆ, ಇಷ್ಟ, ಸಂಕಲ್ಪ, ಅಪ್ಪಣೆ, ಮನಸ್ಸು ಎಂದು ಹಲವು ಪದಗಳು ಒದಗಬಲ್ಲವು. ಇಚ್ಛೆಯೆಂದರೆ ಆಸೆಯ ನೆರೆಮನೆ. ದೇವರಿಗೂ ಆಸೆಯೇ ಎಂದು ಕೇಳುವವರು ಈ ನಾಡಿನಲ್ಲಿ ಹಳ್ಳಿಗೊಬ್ಬರಿದ್ದಾರೆ. ಸಂಕಲ್ಪವೆಂದೊಡನೆ ಪುರೋಹಿತರು ಕೈಯಲ್ಲಿ ಅಕ್ಷತೆ ನೀರು ಹಿಡಿಸಿ ದೇಶಕಾಲಗಳನ್ನು ಉಚ್ಚರಿಸುವ ಚಿತ್ರವೇ ಕಣ್ಣ ಮುಂದೆ ನಿಲ್ಲುತ್ತದೆ. ಅಪ್ಪಣೆಯಲ್ಲಿ ಆಜ್ಞೆಯಿದೆ, ಒಲುಮೆಯಿಲ್ಲ. ಅನುವಾದದಲ್ಲಿ ನಿಂತ ಪದ ‘ಚಿತ್ತ’. ಇದು ಒಳ್ಳೆಯ ಆಯ್ಕೆಯೇ ಸರಿ. ಹಳೆಯ ಕಾವ್ಯಗಳ ಅರಸರು ಸಭೆಗೆ ಸುಮ್ಮನೆ ಬರುವುದಿಲ್ಲ, ಚಿತ್ತೈಸುತ್ತಾರೆ. ಬಿನ್ನವತ್ತಳೆಯನ್ನು ಬರೆಯುವವನು ವಿಷಯವನ್ನು ಪ್ರಭುವಿನ ‘ಚಿತ್ತಕ್ಕೆ ತರುತ್ತಾನೆ’. ಹೀಗೆ ಈ ಪದದಲ್ಲಿ ಒಡೆತನವೂ ಇದೆ, ಕೇಳಿಸಿಕೊಳ್ಳುವ ಕರುಣೆಯೂ ಇದೆ. ದೇವರಿಗೂ ಮನುಷ್ಯನಿಗೂ ಇದನ್ನು ಒಂದೇ ಹದದಲ್ಲಿ ಬಳಸಬಹುದೆಂಬುದು ಇನ್ನೂ ಹೆಚ್ಚಿನ ಗುಣ: ‘ನನ್ನ ಚಿತ್ತ’, ‘ನಿನ್ನ ಚಿತ್ತ’ ಎಂಬ ಎರಡನ್ನೂ ಎದುರುಬದುರಾಗಿ ನಿಲ್ಲಿಸಬಹುದು.

ಆದರೆ ಪದವೊಂದು ಬರಿಗೈಯಲ್ಲಿ ಬರುವುದಿಲ್ಲ. ಪತಂಜಲಿಯ ಯೋಗಶಾಸ್ತ್ರವು ಚಿತ್ತದ ವೃತ್ತಿಗಳನ್ನು ತಡೆದು ನಿಲ್ಲಿಸುವುದನ್ನೇ ಯೋಗವೆಂದು ಲಕ್ಷಿಸಿದೆ. ಆ ಸಂಸ್ಕಾರವುಳ್ಳ ವಾಚಕನು, ಮನುಷ್ಯನು ತನ್ನ ಚಿತ್ತವನ್ನು ದೇವರ ಚಿತ್ತಕ್ಕೆ ಒಪ್ಪಿಸಬೇಕೆಂಬ ಮಾತನ್ನು ಕೇಳಿದೊಡನೆ, ‘ಒಪ್ಪಿಸು’ ಎಂಬುದನ್ನು ಬಿಟ್ಟು ‘ಅಡಗಿಸು’ ಎಂದು ತಿಳಿಯುವುದು ಸಹಜ. ಬಯಕೆಯನ್ನು ಕೊಲ್ಲಬೇಕು, ಮನಸ್ಸನ್ನು ಬರಿದು ಮಾಡಬೇಕು, ಉಳಿದ ಶೂನ್ಯದಲ್ಲಿ ದೇವರ ಚಿತ್ತವು ತುಂಬಿಕೊಳ್ಳುವುದು ಎಂಬ ಅರ್ಥವನ್ನು ಅನೇಕ ಉಪದೇಶಕರೂ ಇದಕ್ಕೆ ಕೊಟ್ಟಿರುವರು. ಸುವಾರ್ತೆಯ ಮೂಲ ಪ್ರಸಂಗವು ಈ ಅರ್ಥಕ್ಕೆ ಎಡೆಕೊಡುವುದೇ ಎಂಬುದೇ ಇಲ್ಲಿನ ಪ್ರಶ್ನೆ.

ಅದಕ್ಕೆ ಮೊದಲು ವ್ಯಾಕರಣದ ಒಂದು ಮಾತು. ಪ್ರಾರ್ಥನೆಯ ಕ್ರಿಯಾಪದವು ಗ್ರೀಕಿನಲ್ಲಿ ‘ಗೆನೆಥೆತೊ’ ಎಂದಿದೆ. ಅದು ಪ್ರಥಮ ಪುರುಷದ ವಿಧ್ಯರ್ಥ. ಇಂಗ್ಲಿಷಿನಂಥ ಭಾಷೆಯಲ್ಲಿ ಇದಕ್ಕೆ ನೇರವಾದ ರೂಪವಿಲ್ಲ. ಬೇರೆ ಪದಗಳ ಊರೆ ಕೊಡಬೇಕಾಗುತ್ತದೆ. ಕನ್ನಡಕ್ಕೆ ಆ ಕಷ್ಟವಿಲ್ಲ. ‘ಅಲಿ’ ಎಂಬ ಪ್ರತ್ಯಯವು ಸಿದ್ಧವಾಗಿಯೇ ಇದೆ. ಆದರೆ ಈ ಚಿಕ್ಕ ಪ್ರತ್ಯಯದ ಹೊಟ್ಟೆಯಲ್ಲಿ ಮೂರು ಭಾವಗಳು ಅಡಗಿವೆ. ಮಳೆಯಾಗಲಿ, ಮದುವೆಯಾಗಲಿ ಎಂದು ಹರಸುವಾಗ ಅದು ಹಾರೈಕೆ. ಹಿರಿಯರು ಹೇಳಿದ ಕೆಲಸಕ್ಕೆ ‘ಆಗಲಿ’ ಎಂದು ತಲೆಯಾಡಿಸಿದಾಗ ಅದು ಒಪ್ಪಿಗೆ. ಮನಸ್ಸು ಮುರಿದವನು ‘ಆದರೆ ಆಗಲಿ, ಹೋದರೆ ಹೋಗಲಿ’ ಎಂದಾಗ ಅದು ಉದಾಸೀನ. ಪ್ರಾರ್ಥನೆಯನ್ನು ಹೇಳುವವನ ದನಿಯಲ್ಲಿ ಯಾವುದಿದೆಯೆಂಬುದನ್ನು ಅಚ್ಚಿನ ಅಕ್ಷರವು ತಿಳಿಸಲಾರದು. ಮಗುವು ಉರುಹೊಡೆದು ಒಪ್ಪಿಸುವಾಗ ಮೂರೂ ಇಲ್ಲ. ಮಗನ ಜ್ವರ ಇಳಿಯದ ರಾತ್ರಿ ತಾಯಿಯು ಹೇಳುವಾಗ ಮೂರೂ ಒಂದರೊಡನೊಂದು ಹೋರಾಡುತ್ತವೆ. ಶಿವನ ಚಿತ್ತವೆಂದು ಬದುವಿನ ಮೇಲೆ ನಿಂತವನ ಮಾತು ಮೂರನೆಯದಕ್ಕೆ ಸಮೀಪ. ಕರ್ತನ ಪ್ರಾರ್ಥನೆಯು ಮೊದಲನೆಯದು. ಅದರ ನೆರೆಯ ಬಿನ್ನಹಗಳಲ್ಲಿ ದೇವರ ರಾಜ್ಯವು ಬರಲೆಂಬುದೂ, ದಿನದ ಅನ್ನವು ದೊರೆಯಲೆಂಬುದೂ ಇರುವುದರಿಂದ ಇದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಅನ್ನವನ್ನು ಬೇಡುವವನು ಬಯಕೆಯನ್ನು ಕೊಂದವನಲ್ಲ.

ನ್ಯಾಯವಾಗಿ ಹೇಳಬೇಕಾದರೆ, ಮೂರನೆಯ ಭಾವದ ಪ್ರಯೋಗವೂ ಅದೇ ಗ್ರಂಥದಲ್ಲಿ ಒಂದೆಡೆ ಉಂಟು. ಪೌಲನು ಜೆರೂಸಲೇಮಿಗೆ ಹೋಗಕೂಡದೆಂದು ಕೈಸರೇಯ ಪಟ್ಟಣದಲ್ಲಿ ಶಿಷ್ಯರು ಅತ್ತು ಬೇಡಿಕೊಂಡು, ಅವನು ಒಪ್ಪದೆ ಇದ್ದಾಗ ಸುಮ್ಮನಾಗಿ, ಕರ್ತನ ಚಿತ್ತದಂತೆ ನಡೆಯಲೆಂದು ಬಿಟ್ಟುಬಿಟ್ಟರೆಂದು ಅಪೊಸ್ತಲರ ಕೃತ್ಯಗಳಲ್ಲಿ ಹೇಳಿದೆ. ಆದರೆ ಅಲ್ಲಿಯೂ ಅವರು ಸುಮ್ಮನಾದುದು ಹೇಳಬೇಕಾದುದನ್ನೆಲ್ಲ ಹೇಳಿ ಮುಗಿಸಿದ ಮೇಲೆ.

ಇನ್ನು ಗೆತ್ಸೆಮನೆ ತೋಟದ ಪ್ರಸಂಗ. ಮರಣದ ಹಿಂದಿನ ರಾತ್ರಿ ಯೇಸುವು ಮೂವರು ಶಿಷ್ಯರನ್ನು ಕರೆದುಕೊಂಡು ಹೋಗಿ, ಅವರಿಂದ ಸ್ವಲ್ಪ ದೂರದಲ್ಲಿ ಬೋರಲಬಿದ್ದು ಪ್ರಾರ್ಥಿಸುತ್ತಾನೆ. ಮೊದಲು ಅವನ ಬಾಯಿಂದ ಹೊರಡುವುದು ಬಯಕೆ: ಸಾಧ್ಯವಿದ್ದರೆ ಈ ಸಂಕಟದ ಪಾತ್ರೆಯು ತನ್ನನ್ನು ಬಿಟ್ಟುಹೋಗಬೇಕೆಂಬುದು. ಅದನ್ನು ಮರೆಮಾಚದೆ, ಮೃದುಮಾಡದೆ ಹೇಳಿದ ಮೇಲೆಯೇ ತಂದೆಯ ಚಿತ್ತವನ್ನು ಮುಂದಿಡುತ್ತಾನೆ. ಮತ್ತಾಯನು ಬರೆದ ಸುವಾರ್ತೆಯನ್ನು ಎಚ್ಚರದಿಂದ ಓದಿದರೆ ಮೊದಲ ಸಲದ ಮಾತಿಗೂ ಎರಡನೆಯ ಸಲದ ಮಾತಿಗೂ ವ್ಯತ್ಯಾಸವು ಕಾಣುತ್ತದೆ. ಮೊದಲ ಸಲ ಪಾತ್ರೆಯು ತೊಲಗುವುದೇ ಎಂಬ ನಿರೀಕ್ಷೆ ಇದೆ. ಎರಡನೆಯ ಸಲ ಅದು ತೊಲಗದೆಂಬುದು ಅರ್ಧ ತಿಳಿದುಹೋಗಿದೆ. ಕುಡಿಯದೆ ಗತಿಯಿಲ್ಲದಿದ್ದರೆ ನಿನ್ನ ಚಿತ್ತವೇ ಆಗಲೆಂಬ ದನಿಯಿದೆ. ಮೂರನೆಯ ಸಲವೂ ಅದೇ ಮಾತು. ನಡುನಡುವೆ ಅವನು ಎದ್ದು ಹೋಗಿ ಶಿಷ್ಯರನ್ನು ನೋಡುತ್ತಾನೆ, ಅವರು ನಿದ್ದೆಹೋಗಿದ್ದಾರೆ. ಒಪ್ಪಿಗೆಯು ಒಂದೇ ಕ್ಷಣದಲ್ಲಿ ಹುಟ್ಟದೆ ರಾತ್ರಿಯ ಹೊತ್ತು ಬೆಳೆದುದನ್ನು ಸುವಾರ್ತಿಕನು ಎಷ್ಟು ಕಡಿಮೆ ಮಾತಿನಲ್ಲಿ ತೋರಿಸಿರುವನೆಂಬುದು ಪ್ರಶಂಸೆಗೆ ಯೋಗ್ಯವಾದುದು. ಪ್ರಸಂಗಕಾರರು ಬಹುಮಟ್ಟಿಗೆ ಈ ಬೆಳವಣಿಗೆಯನ್ನು ಬಿಟ್ಟು, ಕೊನೆಯ ವಾಕ್ಯವೊಂದನ್ನೇ ಹಿಡಿಯುತ್ತಾರೆ. ಹಣ್ಣನ್ನು ತೋರಿಸಿ ಗಿಡವನ್ನು ಮರೆಸಿದಂತೆ ಆಗುತ್ತದೆ.

ಈ ಒಂದು ರಾತ್ರಿಯ ಮಾತಿನ ಅರ್ಥಕ್ಕಾಗಿ ಮನುಷ್ಯರು ನಾಲಿಗೆಯನ್ನು ಕಳೆದುಕೊಂಡಿರುವರು. ಏಳನೆಯ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲಿನ ರಾಜಸಭೆಗೆ ಪ್ರಿಯವಾದ ಒಂದು ಮತವಿತ್ತು: ಕ್ರಿಸ್ತನಲ್ಲಿ ಚಿತ್ತವು ಒಂದೇ, ಅದು ದೈವಚಿತ್ತ, ಮಾನುಷ ಚಿತ್ತವೆಂಬುದು ಅವನಲ್ಲಿ ಬೇರೆ ಇರಲಿಲ್ಲ. ಚಕ್ರವರ್ತಿಯು 648ರಲ್ಲಿ ಈ ಚರ್ಚೆಯನ್ನೇ ನಿಷೇಧಿಸಿ ಆಜ್ಞೆ ಹೊರಡಿಸಿದನು. ಮಾಕ್ಸಿಮಸ್ ಎಂಬ ಸಂನ್ಯಾಸಿಯು ಅದನ್ನು ಒಪ್ಪಲಿಲ್ಲ. ಕ್ರಿಸ್ತನಿಗೆ ಮನುಷ್ಯಚಿತ್ತವಿರದಿದ್ದರೆ ತೋಟದಲ್ಲಿ ಪಾತ್ರೆಯನ್ನು ಬೇಡವೆಂದವರು ಯಾರು, ಬೇಕೆಂದವರು ಯಾರು ಎಂಬುದು ಅವನ ವಾದದ ತಿರುಳು. ಮುದುಕನಾಗಿದ್ದ ಅವನ ನಾಲಿಗೆಯನ್ನೂ ಬಲಗೈಯನ್ನೂ ಕತ್ತರಿಸಿ ಗಡೀಪಾರು ಮಾಡಿದರು; 662ರಲ್ಲಿ ಅಲ್ಲಿಯೇ ತೀರಿಕೊಂಡನು. 680-81ರಲ್ಲಿ ಅದೇ ರಾಜಧಾನಿಯಲ್ಲಿ ಕೂಡಿದ ಮಹಾಸಭೆಯು ಕ್ರಿಸ್ತನಲ್ಲಿ ಎರಡು ಚಿತ್ತಗಳುಂಟು, ಮಾನುಷ ಚಿತ್ತವು ದೈವಚಿತ್ತವನ್ನು ಅನುಸರಿಸಿತೇ ಹೊರತು ಅಳಿದುಹೋಗಲಿಲ್ಲವೆಂದು ನಿರ್ಣಯಿಸಿತು. ಆದುದರಿಂದ ಬಯಕೆಯನ್ನು ಬೇರುಸಹಿತ ಕಿತ್ತೊಗೆಯಬೇಕೆಂದು ಸಾರುವ ಉಪದೇಶಕನು, ಎಷ್ಟೇ ಭಕ್ತಿಯಿಂದ ಸಾರಿದರೂ, ತನ್ನ ಸಭೆಯು ಹದಿಮೂರು ಶತಮಾನಗಳ ಹಿಂದೆ ತಳ್ಳಿಹಾಕಿದ ಮತಕ್ಕೆ ತಿಳಿಯದೆ ಸಮೀಪಿಸುತ್ತಾನೆ.

ಇಲ್ಲಿ ವಚನಕಾರರ ಸ್ಮರಣೆ ಅನಿವಾರ್ಯ. ಅಲ್ಲಮಪ್ರಭುವಿನ ಬಳ್ಳಿಗಾವಿಯೂ ಅಕ್ಕಮಹಾದೇವಿಯ ಉಡುತಡಿಯೂ ಹೊನ್ನಾಳಿ ನ್ಯಾಮತಿಗಳಿಗೆ ನೆರೆಯಾದ ಶಿಕಾರಿಪುರ ತಾಲ್ಲೂಕಿನಲ್ಲಿವೆ. ತನುಮನಧನಗಳನ್ನು ಒಪ್ಪಿಸುವ ಮಾತು ಈ ನೆಲದಲ್ಲಿ ಮಿಶನರಿಗಳು ಹುಟ್ಟುವುದಕ್ಕೆ ಆರು ಶತಮಾನಗಳ ಮುಂಚೆಯೇ ಪಕ್ವವಾಗಿತ್ತು. ಮಂಗಳೂರಿನಲ್ಲಿ 1850ರ ಸುಮಾರಿಗೆ ದಾಸರ ಪದಗಳನ್ನೂ ಬಸವಪುರಾಣವನ್ನೂ ಅಚ್ಚುಹಾಕಿಸಿದ ಹರ್ಮನ್ ಮೋಗ್ಲಿಂಗನಿಗೆ ಇದು ತಿಳಿಯದ ವಿಷಯವಾಗಿರಲಿಲ್ಲ. ಆದರೂ ಎರಡು ಶರಣಾಗತಿಗಳನ್ನು ಒಂದೇ ಎಂದು ಹೇಳಿಬಿಡುವುದು ಸೋಮಾರಿತನ. ಶರಣನ ದಾರಿಯ ಕೊನೆಯಲ್ಲಿರುವುದು ಐಕ್ಯ. ಅಲ್ಲಿ ಎರಡೆಂಬುದು ಉಳಿಯುವುದಿಲ್ಲ. ತೋಟದಲ್ಲಿ ಎರಡು ಕೊನೆಯತನಕ ಎರಡಾಗಿಯೇ ಉಳಿದು, ಒಂದು ಇನ್ನೊಂದಕ್ಕೆ ದಾರಿ ಬಿಡುತ್ತದೆ. ಮೊದಲನೆಯದರ ಉಪಮಾನ ಕರಗಿದ ಉಪ್ಪು. ಎರಡನೆಯದರ ಉಪಮಾನ ತಂದೆಯ ಮಾತನ್ನು ಕೇಳಿದ ಮಗ. ಕರಗಿದ ಉಪ್ಪಿಗೆ ನೋವಿಲ್ಲ, ಮಗನಿಗೆ ಇದೆ.

ಇದರಿಂದಲೇ ಕ್ರಿಸ್ತಚರಿತ್ರೆಯನ್ನು ಪುರಾಣದ ಧಾಟಿಯಲ್ಲಿ ಹೇಳುವ ಪ್ರಯತ್ನಗಳಿಗೆ ಒಂದು ಸಹಜವಾದ ತೊಡಕು ಒದಗುತ್ತದೆ. ಫರ್ಡಿನೆಂಡ್ ಕಿಟ್ಟೆಲನು 1862ರಲ್ಲಿ ‘ಕಥಾಮಾಲೆ’ಯನ್ನು ಪ್ರಕಟಿಸಿ, ಕ್ರಿಸ್ತನ ಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ ಕನ್ನಡಿಗರ ಮುಂದಿಟ್ಟನು. ಮುಂದೆ ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿ, 1894ರಲ್ಲಿ ಮಹಾನಿಘಂಟನ್ನು ಹೊರತಂದ ವಿದ್ವಾಂಸನ ಈ ಸಾಹಸವು ಗೌರವಕ್ಕೆ ಪಾತ್ರವಾದುದು. ಮೇಜಿನ ಮೇಲೆ ಓದುವ ಗದ್ಯಕ್ಕಿಂತ ಕಟ್ಟೆಯ ಮೇಲೆ ಹಾಡುವ ಪದ್ಯವೇ ಜನರನ್ನು ಮುಟ್ಟುವುದೆಂದು ಅವನು ಸರಿಯಾಗಿಯೇ ಅರಿತಿದ್ದನು. ಆದರೆ ಪುರಾಣವನ್ನು ಕೇಳುವ ಸಭೆಗೆ ದೇವರು ಮನುಷ್ಯನಾದುದೆಂದರೆ ಲೀಲೆ. ಲೀಲಾಮಾನುಷನ ಕಣ್ಣೀರು ರಂಗದ ಮೇಲಿನ ಕಣ್ಣೀರು. ಅವನ ಭಯವನ್ನು ಯಾರೂ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಸೀತೆಗಾಗಿ ಅತ್ತ ರಾಮನನ್ನು ಕಂಡು ‘ಸರ್ವಜ್ಞನಿಗೆ ಇದು ನಾಟಕ’ ಎಂದು ಪೌರಾಣಿಕರು ಸಮಾಧಾನ ಹೇಳುವುದುಂಟು. ಅದೇ ಕಿವಿಯಿಂದ ಗೆತ್ಸೆಮನೆಯನ್ನು ಕೇಳಿದರೆ ಮಾನುಷ ಚಿತ್ತವು ಮಾಯವಾಗಿ, ಏಳನೆಯ ಶತಮಾನದ ರಾಜಸಭೆಯ ಮತವೇ ಉಳಿಯುತ್ತದೆ. ಇದು ಕಿಟ್ಟೆಲನ ದೋಷಕ್ಕಿಂತ ಹೆಚ್ಚಾಗಿ ಅವನು ಹಿಡಿದ ಪಾತ್ರೆಯ ಗುಣ.

ಕನ್ನಡ ಕಥೆಗಳ ನೆರೆಯಲ್ಲಿ ಕ್ರೈಸ್ತ ಕಥೆಯನ್ನು ಇಟ್ಟು ನೋಡುವಾಗ ಮತ್ತೊಂದು ಸಂಗತಿಯೂ ಹೊಳೆಯುತ್ತದೆ. ಅಬ್ರಹಾಮನು ದೇವರ ಮಾತಿನಂತೆ ಮಗನಾದ ಇಸಾಕನನ್ನು ಬಲಿಕೊಡಲು ಬೆಟ್ಟಕ್ಕೆ ಕರೆದೊಯ್ದ ಕಥೆಯನ್ನು ಕೇಳಿದ ಕನ್ನಡಿಗನಿಗೆ ಸಿರಿಯಾಳನ ನೆನಪಾಗದೆ ಇರದು. ಜಂಗಮವೇಷದಿಂದ ಬಂದ ಶಿವನು ನರಮಾಂಸವನ್ನು ಬೇಡಿದಾಗ ಸಿರಿಯಾಳ ಚಂಗಳೆಯರು ಮಗ ಚೀಲಾಳನನ್ನೇ ಕೊಯ್ದು ಅಡಿಗೆ ಮಾಡಿದರು. ಎರಡು ಕಥೆಗಳಲ್ಲಿಯೂ ಮಗನು ಹಿಂದಕ್ಕೆ ದೊರೆಯುತ್ತಾನೆ: ಒಂದರಲ್ಲಿ ಕತ್ತಿ ಬೀಳುವ ಮುನ್ನ, ಇನ್ನೊಂದರಲ್ಲಿ ಎಡೆ ಬಡಿಸಿದ ಮೇಲೆ. ಆದರೆ ಸಿರಿಯಾಳನ ಕಥೆಯಲ್ಲಿ ತಾಯಿಯು ಇದ್ದಾಳೆ. ಅವಳ ಕೈಯೇ ಮಗನನ್ನು ಸಿಂಗರಿಸಿದ ಕೈ. ಆದಿಕಾಂಡದ ಆ ಅಧ್ಯಾಯದಲ್ಲಿ ಸಾರಳ ಹೆಸರೇ ಬರುವುದಿಲ್ಲ. ಮುಂದಿನ ಅಧ್ಯಾಯವು ಅವಳ ಮರಣದಿಂದ ಮೊದಲಾಗುತ್ತದೆ. ಜಾನಪದ ಹಾಡುಗಾರ್ತಿಯರಾದರೆ ಈ ಮೌನವನ್ನು ಹೀಗೆ ಬಿಡುತ್ತಿರಲಿಲ್ಲ.

ಬಿಡಲಿಲ್ಲವೆಂಬುದಕ್ಕೆ ‘ಕೆರೆಗೆ ಹಾರ’ವೇ ಸಾಕ್ಷಿ. ಸೂಳೆಕೆರೆಯಂಥ ಹಿರಿಯ ಕೆರೆಯ ದಂಡೆಯಲ್ಲಿ ಬಾಳಿ, ಶಾಂತವ್ವನ ಐತಿಹ್ಯವನ್ನು ಕೇಳಿ ಬೆಳೆದ ಚನ್ನಗಿರಿಯವರಿಗೆ ಈ ಹಾಡಿನ ಮರ್ಮವನ್ನು ವಿವರಿಸಬೇಕಾದುದಿಲ್ಲ. ಗೌಡನು ಕೆರೆ ಕಟ್ಟಿಸಿದನು, ನೀರು ಬರಲಿಲ್ಲ, ಸೊಸೆಯನ್ನು ಕೊಡಬೇಕೆಂದು ಜೋಯಿಸನು ಹೇಳಿದನು, ಆಯ್ಕೆಯು ಬಂದು ನಿಂತುದು ಕಿರಿಯ ಸೊಸೆ ಭಾಗೀರಥಿಯ ಮೇಲೆ. ಅವಳು ತವರಿಗೆ ಹೋಗುತ್ತಾಳೆ. ಅಳುವಿಗೆ ಕಾರಣವನ್ನು ಕೇಳಿದ ತಂದೆತಾಯಿಗಳಿಗೆ ಬೇರೊಂದು ಕಾರಣವನ್ನು ಹೇಳಿ, ಮರಳಿ ಬಂದು ಮನೆಗೆಲಸ ಮಾಡಿ, ಕೆರೆಗಿಳಿಯುತ್ತಾಳೆ. ಗಂಡನು ದಂಡಿನಿಂದ ಓಡಿಬರುವಷ್ಟರಲ್ಲಿ ನೀರು ತುಂಬಿದೆ. ಈ ಹಾಡಿನಲ್ಲಿ ವಿಧೇಯತೆಯು ಪೂರ್ಣವಾಗಿದೆ, ಆದರೆ ಯಾವ ಚಿತ್ತಕ್ಕೆ ವಿಧೇಯತೆ? ದೇವರದೋ, ಜೋಯಿಸನ ಹೊತ್ತಿಗೆಯದೋ, ಹಿರಿಯ ಸೊಸೆಯಂದಿರನ್ನು ಉಳಿಸಿಕೊಳ್ಳಬೇಕೆಂದ ಮಾವನದೋ? ಹಾಡಿದ ಹೆಣ್ಣುಮಕ್ಕಳು ತೀರ್ಪನ್ನು ಬಾಯಿಬಿಟ್ಟು ಹೇಳಲಿಲ್ಲ. ಗಂಡನನ್ನೂ ಅದೇ ಕೆರೆಗೆ ಹಾರಿಸಿ ತೋರಿಸಿದರು.

ಭಾಗೀರಥಿಯನ್ನೂ ತೋಟದಲ್ಲಿ ಬಿದ್ದ ಯೇಸುವನ್ನೂ ಅಕ್ಕಪಕ್ಕದಲ್ಲಿ ಇಟ್ಟರೆ ಮೇಲುನೋಟಕ್ಕೆ ಸಮಾನವೆಂದು ತೋರುವ ಎರಡು ತ್ಯಾಗಗಳ ನಡುವಣ ಕಂದಕವು ಕಾಣುತ್ತದೆ. ಅವಳಿಗೆ ಬೇಡವೆನ್ನುವ ಬಾಯಿಲ್ಲ. ಅವನು ಬೇಡವೆಂದು ಹೇಳಿಯೇ ಒಪ್ಪಿದನು. ಅವಳ ಕಣ್ಣೀರಿಗೆ ಸುಳ್ಳು ಕಾರಣ ಬೇಕಾಯಿತು. ಅವನ ಕಣ್ಣೀರು ಗ್ರಂಥದಲ್ಲಿ ದಾಖಲಾಯಿತು. ಅವಳ ಮೇಲೆ ಬಂದ ಚಿತ್ತವು ಇನ್ನೊಬ್ಬರ ಬಾಯಿಂದ ಬಂದುದು. ಅವನದು ನೇರವಾಗಿ ತಂದೆಯೊಡನೆ ಆಡಿದ ಮಾತು. ಕ್ರೈಸ್ತ ಗೃಹಬೋಧೆಯಲ್ಲಿ ‘ದೇವರ ಚಿತ್ತಕ್ಕೆ ತಲೆಬಾಗು’ ಎಂಬ ಮಾತನ್ನು ಹಿರಿಯರು ಕಿರಿಯರಿಗೆ, ಗಂಡಸರು ಹೆಂಗಸರಿಗೆ ಹೇಳುವಾಗ, ಗೆತ್ಸೆಮನೆಯ ಹೆಸರಿನಲ್ಲಿ ಕಲ್ಲನಕೇರಿಯನ್ನು ಬೋಧಿಸುವ ಅಪಾಯವು ಸದಾ ಇದೆ. ಅಕ್ಕಮಹಾದೇವಿಯಾದರೋ ದೇವರಿಗೆ ತನ್ನನ್ನು ಒಪ್ಪಿಸಿದುದರಿಂದಲೇ ಅರಸ ಕೌಶಿಕನ ಚಿತ್ತಕ್ಕೆ ಬಾಗದೆ ಹೊರಟಳು. ನಿಜವಾದ ಶರಣಾಗತಿಯು ಮನುಷ್ಯರ ಮುಂದೆ ಬೆನ್ನನ್ನು ನೆಟ್ಟಗಾಗಿಸುವುದೂ ಉಂಟೆಂಬುದಕ್ಕೆ ಉಡುತಡಿಗಿಂತ ದೂರಕ್ಕೆ ಹೋಗಬೇಕಾದುದಿಲ್ಲ.

ಆದರೆ ಹೊರಟವರ ಹಿಂದೆ ಉಳಿದವರ ವಿಚಾರವೇನು? ಕನ್ನಡದಲ್ಲಿ 1847ರಲ್ಲಿಯೇ ಅಚ್ಚಾದ ‘ಯಾತ್ರಿಕನ ಸಂಚಾರ’ವು ಈ ಪ್ರಶ್ನೆಯನ್ನು ಮೊದಲ ಪುಟಗಳಲ್ಲಿಯೇ ಎಬ್ಬಿಸುತ್ತದೆ. ಸೆರೆಮನೆಯಲ್ಲಿ ಹನ್ನೆರಡು ವರ್ಷ ಕಳೆದ ಜಾನ್ ಬನ್ಯನನು ಇಂಗ್ಲಿಷಿನಲ್ಲಿ 1678ರಲ್ಲಿ ಪ್ರಕಟಿಸಿದ ಈ ರೂಪಕಕಥೆಯ ನಾಯಕನು ಬೆನ್ನ ಮೇಲೆ ಹೊರೆ ಹೊತ್ತು, ಹೆಂಡತಿಮಕ್ಕಳು ಕೂಗಿ ಕರೆಯುತ್ತಿರುವಾಗ ಕಿವಿಗೆ ಬೆರಳಿಟ್ಟುಕೊಂಡು ಓಡುತ್ತಾನೆ. ಸಿದ್ಧಾರ್ಥನ ನಿಶೆಯನ್ನೂ ಅಕ್ಕನ ನಿರ್ಗಮನವನ್ನೂ ಬಲ್ಲ ಕನ್ನಡ ವಾಚಕನಿಗೆ ಇದು ಸಂನ್ಯಾಸದಂತೆ ಕಾಣುತ್ತದೆ. ಇದು ಸಂನ್ಯಾಸವಲ್ಲ; ಬನ್ಯನನ ಮತದಲ್ಲಿ ಸಂನ್ಯಾಸಕ್ಕೆ ಸ್ಥಾನವೇ ಇಲ್ಲ. ಕಿವಿಗಿಟ್ಟ ಆ ಬೆರಳು ಬನ್ಯನನಿಗೇ ಚುಚ್ಚಿತೆಂದು ತೋರುತ್ತದೆ. 1684ರಲ್ಲಿ ಎರಡನೆಯ ಭಾಗವನ್ನು ಬರೆದು, ಆ ಹೆಂಡತಿಯನ್ನೂ ನಾಲ್ವರು ಗಂಡುಮಕ್ಕಳನ್ನೂ ಅದೇ ದಾರಿಯಲ್ಲಿ ನಡೆಯಿಸಿದನು. ಮೊದಲ ಭಾಗದ ವೇಗ ಅದಕ್ಕಿಲ್ಲ. ಆದರೆ ಮನೆವಂದಿಗರಿಗೆ ಅದೇ ಹೆಚ್ಚು ಹಿತವಾದ ಓದು.

ಕಥೆಯಲ್ಲಿ ಎರಡನೆಯ ಭಾಗವನ್ನು ಬರೆಯಬಹುದು. ಬಾಳಿನಲ್ಲಿ ಅದು ಯಾವಾಗಲೂ ದೊರೆಯುವುದಿಲ್ಲ. ಮಂಗಳೂರಿನಲ್ಲಿ ಮೋಗ್ಲಿಂಗನ ಶಿಷ್ಯನಾಗಿದ್ದ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯನು 1844ರಲ್ಲಿ ಇನ್ನಿಬ್ಬರು ತರುಣರೊಡನೆ ದೀಕ್ಷಾಸ್ನಾನವನ್ನು ಪಡೆದನು. ಊರಿನಲ್ಲಿ ದೊಡ್ಡ ಗಲಭೆಯಾಯಿತು. ಬಾಲ್ಯದಲ್ಲಿ ಕೈಹಿಡಿದ ಪತ್ನಿಯು ಅವನೊಡನೆ ಬರಲಿಲ್ಲ. 1846ರಲ್ಲಿ ಅವನು ಮೋಗ್ಲಿಂಗನೊಡನೆ ಬಾಸೆಲಿಗೆ ಹೋಗಿ, ಓದಿ, 1851ರಲ್ಲಿ ದೀಕ್ಷಿತ ಬೋಧಕನಾಗಿ ಮರಳಿದನು, 1893ರಲ್ಲಿ ತೀರಿಕೊಂಡನು. ಕುಲ, ಆಸ್ತಿ, ಬಂಧುವರ್ಗ ಎಲ್ಲವನ್ನೂ ಹಿಂದಿಟ್ಟು ತಾನು ದೇವರ ಚಿತ್ತವೆಂದು ನಂಬಿದುದನ್ನು ಮುಂದಿಟ್ಟವನೆಂದು ಅವನ ಜೀವನವನ್ನು ಕೊಂಡಾಡುವುದು ನ್ಯಾಯ. ಆದರೆ ಇಂಥ ಚರಿತ್ರೆಗಳನ್ನು ಬರೆಯುವವರು ತ್ಯಾಗಿಯ ಲೆಕ್ಕದಲ್ಲಿಯೇ ಎಲ್ಲ ತ್ಯಾಗವನ್ನೂ ಜಮ ಮಾಡಿಬಿಡುತ್ತಾರೆ. ಅವನು ತನ್ನ ಬಯಕೆಯನ್ನು ಬಿಟ್ಟನು. ಅವಳ ಬಯಕೆಯನ್ನು ಬಿಡಿಸಿದವರು ಯಾರು? ಬಿಟ್ಟುದಕ್ಕೂ ಬಿಡಿಸಿಕೊಂಡುದಕ್ಕೂ ಒಂದೇ ಹೆಸರನ್ನು ಇಡುವ ಚರಿತ್ರೆಯು ಭಕ್ತಿಯ ದೃಷ್ಟಿಯಿಂದ ಹೇಗಿದ್ದರೂ ಸಾಹಿತ್ಯದ ದೃಷ್ಟಿಯಿಂದ ಅರ್ಧ ಕುರುಡು. ಸಾರಳ ಅಧ್ಯಾಯದ ಮೌನವೇ ಇಲ್ಲಿಯೂ ಕೇಳಿಸುತ್ತದೆ.

ಈ ವಿಷಯವು ಸಭೆಯ ಗೋಡೆಯನ್ನು ದಾಟಿ ಕನ್ನಡ ಕಾವ್ಯದ ಅಂಗಳಕ್ಕೆ ಬಂದುದು ಮಂಜೇಶ್ವರದ ಗೋವಿಂದ ಪೈಗಳಿಂದ. 1937ರಲ್ಲಿ ಪ್ರಕಟವಾದ ‘ಗೊಲ್ಗೊಥಾ’ದಲ್ಲಿ ಅವರು ಕ್ರಿಸ್ತನ ಕೊನೆಯ ದಿನವನ್ನೂ, 1946ರ ‘ವೈಶಾಖಿ’ಯಲ್ಲಿ ಬುದ್ಧನ ಕೊನೆಯ ದಿನವನ್ನೂ ವಸ್ತುವಾಗಿ ತೆಗೆದುಕೊಂಡರು. ಕ್ರೈಸ್ತರಲ್ಲದ ಕವಿಯೊಬ್ಬರು ಮತಪ್ರಚಾರದ ಹಂಗಿಲ್ಲದೆ ಶಿಲುಬೆಯ ಕಡೆಗೆ ಮುಖಮಾಡಿದುದು ಸಣ್ಣ ಸಂಗತಿಯಲ್ಲ. ಎರಡು ಕಾವ್ಯಗಳ ವಸ್ತುವನ್ನು ಜೊತೆಯಲ್ಲಿಟ್ಟು ನೋಡಿದರೆ ಲಾಭವಿದೆ. ತೃಷ್ಣೆಯನ್ನು ಗೆದ್ದ ಎಂಬತ್ತರ ಮುದುಕನು ಸಾಲವೃಕ್ಷಗಳ ಕೆಳಗೆ ಶಾಂತನಾಗಿ ಮಲಗಿದುದು ಒಂದು ಮರಣ. ಬದುಕಬೇಕೆಂಬ ಬಯಕೆ ಇನ್ನೂ ಇದ್ದ ತರುಣನು ಕೂಗಿ ಪ್ರಾಣಬಿಟ್ಟುದು ಇನ್ನೊಂದು. ಬಯಕೆಯನ್ನು ಗೆಲ್ಲುವುದೂ ಬಯಕೆಯನ್ನು ಹಿಂದಿಡುವುದೂ ಬೇರೆಬೇರೆ ಸಾಧನೆಗಳೆಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಜೋಡಿಯು ಕನ್ನಡದಲ್ಲಿ ಮತ್ತೊಂದಿಲ್ಲ.

ವಿದ್ವಾಂಸರ ಮಾತು ಹೀಗಿರಲಿ. ಜನರು ತಮಗೆ ತೋರಿದಂತೆ ಈ ತೊಡಕನ್ನು ಬಿಡಿಸಿಕೊಂಡಿದ್ದಾರೆ. 1988ರಿಂದ ಈ ಸೀಮೆಯ ಕಥೋಲಿಕರು ಶಿವಮೊಗ್ಗದ ಧರ್ಮಪ್ರಾಂತಕ್ಕೆ ಸೇರಿದವರು. ಅವರ ಹೆಸರಾದ ಯಾತ್ರಾಸ್ಥಳ ಹರಿಹರದ ಆರೋಗ್ಯಮಾತೆಯ ದೇವಾಲಯ. ಸೆಪ್ಟೆಂಬರ್ 8ರ ಹಬ್ಬಕ್ಕೆ ಅಲ್ಲಿಗೆ ಬರುವವರಲ್ಲಿ ಕ್ರೈಸ್ತರಲ್ಲದವರೂ ಬಹಳ. ಅವರೆಲ್ಲ ಬರುವುದು ಬಯಕೆಯನ್ನು ಹೊತ್ತುಕೊಂಡೇ: ಮಗುವಾಗಲಿ, ಕಾಯಿಲೆ ವಾಸಿಯಾಗಲಿ, ಮಗನಿಗೆ ಕೆಲಸ ಸಿಗಲಿ. ಹರಕೆಯ ಧರ್ಮವು ಕೀಳು, ಸಮರ್ಪಣೆಯ ಧರ್ಮವು ಮೇಲು ಎಂದು ತಿಳಿದವರು ಮೂಗು ಮುರಿಯುವುದುಂಟು. ಬಯಕೆಯನ್ನು ಬಾಯಿಬಿಟ್ಟು ಹೇಳುವಲ್ಲಿ ಆ ಮೇಣದಬತ್ತಿ ಹಿಡಿದ ತಾಯಿಯು ತೋಟದ ಪ್ರಾರ್ಥನೆಯ ಮೊದಲ ಅರ್ಧವನ್ನು ಸರಿಯಾಗಿಯೇ ಕಲಿತಿರುವಳು. ಎರಡನೆಯ ಅರ್ಧವು ಯಾರಿಗೂ ಸುಲಭವಲ್ಲ.

ಕೊನೆಯದಾಗಿ, ಕನ್ನಡ ಪಾಠವನ್ನು ಮುಂದೆ ತಿದ್ದುವವರು ಗಮನಿಸತಕ್ಕ ಎರಡು ಸಣ್ಣ ವಿಷಯಗಳಿವೆ. ಪ್ರಾಟೆಸ್ಟೆಂಟರ ಪಾಠದಲ್ಲಿ ದೇವರಿಗೆ ‘ನೀನು’, ಕಥೋಲಿಕರ ಪ್ರಾರ್ಥನೆಯಲ್ಲಿ ‘ನೀವು’. ವಚನಕಾರರ, ದಾಸರ ದೇವರು ‘ನೀನು’. ಮನೆಯ ಹಿರಿಯರು ‘ನೀವು’. ‘ನಿನ್ನ ಚಿತ್ತ’ವೆಂದಾಗ ಜಗಳವಾಡುವಷ್ಟು ಸಲಿಗೆಯಿದೆ, ‘ನಿಮ್ಮ ಚಿತ್ತ’ವೆಂದಾಗ ಮಾವನ ಮುಂದೆ ನಿಂತ ಸೊಸೆಯ ದನಿ ಸೇರಿಕೊಳ್ಳುವ ಭಯವಿದೆ. ಇದನ್ನು ಮರ್ಯಾದೆಯ ಪ್ರಶ್ನೆಯೆಂದು ಮಾತ್ರ ತಿಳಿಯಲಾಗದು. ಎರಡನೆಯದು ಕ್ರಿಯಾಪದ. ಮತ್ತಾಯನ ಮೂಲದಲ್ಲಿ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯ ಪದಗಳೇ ತೋಟದ ಎರಡನೆಯ ಪ್ರಾರ್ಥನೆಯಲ್ಲಿ ಅಕ್ಷರಶಃ ಮರಳಿ ಬರುತ್ತವೆ: ಅದೇ ‘ಥೆಲೆಮ’, ಅದೇ ‘ಗೆನೆಥೆತೊ’. ಬೆಟ್ಟದ ಮೇಲೆ ಹಗಲಿನಲ್ಲಿ ಹೇಳಿಕೊಟ್ಟ ಪಾಠವನ್ನು ಕಲಿಸಿದವನೇ ರಾತ್ರಿಯಲ್ಲಿ ಒಪ್ಪಿಸುತ್ತಿದ್ದಾನೆ. ಕನ್ನಡದಲ್ಲಿ ಒಂದೆಡೆ ‘ನೆರವೇರಲಿ’ ಎಂದೂ ಇನ್ನೊಂದೆಡೆ ‘ಆಗಲಿ’ ಎಂದೂ ಬೇರೆಬೇರೆ ಕ್ರಿಯಾಪದಗಳನ್ನು ಇಟ್ಟರೆ ಈ ಸಂಬಂಧವು ಕಿವಿಗೆ ತಪ್ಪಿಹೋಗುತ್ತದೆ. ಎರಡು ಕಡೆಯೂ ಒಂದೇ ಕ್ರಿಯಾಪದವಿದ್ದರೆ, ಸಂಜೆ ಪ್ರಾರ್ಥನೆಯನ್ನು ಒಪ್ಪಿಸಿ ಅಭ್ಯಾಸವಾದ ಹುಡುಗನು ಎಂದಾದರೊಂದು ದಿನ ಆ ಅಧ್ಯಾಯವನ್ನು ಓದುವಾಗ ಆ ಸಾಲಿನಲ್ಲಿ ತಾನಾಗಿಯೇ ನಿಲ್ಲುವನು.